ಮೂರನೇ ಗಂಟೆಯ ವೇಗ ನೋಡಿ ಲ್ಯಾಪ್‌ಟಾಪ್ ಕೊಳ್ಳಿ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಬೇರೆ ಲೋಹ ಬೆರೆಸಿದ ಸತುವಿನ ಆಕ್ಸೈಡ್‌ನ ಗುಣಗಳನ್ನು ಕ್ವಾಂಟಮ್ ಎಸ್ಪ್ರೆಸೊ ತಂತ್ರಾಂಶದಲ್ಲಿ ಲೆಕ್ಕ ಹಾಕುತ್ತಿದ್ದೇನೆ. 8 ಜಿಬಿ ಮೆಮೊರಿಯ ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ 32 ಪರಮಾಣುಗಳ ಒಂದು ಲೆಕ್ಕ ಮುಗಿಯಲು ಇಡೀ ರಾತ್ರಿ ಬೇಕು. ಮಾರ್ಗದರ್ಶಕರು ಈಗ 72 ಪರಮಾಣುಗಳಿಗೆ ಹೋಗಬೇಕೆನ್ನುತ್ತಿದ್ದಾರೆ. ಫೆಲೊಶಿಪ್ ಹಣದಲ್ಲಿ ಉಳಿಸಿದ 1.2 ಲಕ್ಷ ರೂಪಾಯಿ ಇದೆ. ಅಂಗಡಿಯವರು 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿ, ‘ಈಗ ವಿಜ್ಞಾನವೆಲ್ಲ ಇದರ ಮೇಲೆಯೇ ನಡೆಯುವುದು’ ಎಂದರು. ಗೆಳತಿ ಮ್ಯಾಕ್‌ಬುಕ್ ತೆಗೆದುಕೋ ಎನ್ನುತ್ತಾಳೆ. ರಜೆಯಲ್ಲಿ ಸುರಪುರದ ಬಳಿಯ ನಮ್ಮೂರಿಗೆ ಹೋದಾಗಲೂ ಕೆಲಸ ನಿಲ್ಲಬಾರದು. ಅಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿರುತ್ತದೆ. ಯಾವುದನ್ನು ಕೊಳ್ಳಲಿ?

ಉತ್ತರ: ತಿಂಗಳಿಗೆ 37,000 ರೂಪಾಯಿಯ ಕಿರಿಯ ಫೆಲೊಶಿಪ್ ಪೂರ್ತಿ ಬರುತ್ತಿದ್ದರೂ 1.2 ಲಕ್ಷವೆಂದರೆ ಮೂರು ತಿಂಗಳಿಗೂ ಮಿಕ್ಕಿದ ಗಳಿಕೆ. ಅದರಲ್ಲಿ ಊಟ, ಬಾಡಿಗೆ, ಊರಿಗೆ ಕಳಿಸುವುದು ಎಲ್ಲ ಕಳೆದು ಇಷ್ಟು ಉಳಿಸಿದ್ದೀರಿ. ಆದ್ದರಿಂದ ಈ ಹಣದ ಒಂದು ರೂಪಾಯಿಯೂ ಕೆಲಸಕ್ಕೆ ಬಾರದ ಭಾಗಕ್ಕೆ ಹೋಗಬಾರದು ಎಂಬ ಕಾಳಜಿಯಿಂದ, ಸ್ವಲ್ಪ ಉದ್ದವಾದರೂ ಬಿಡಿಸಿ ಬರೆಯುತ್ತೇನೆ.

ಯಂತ್ರದ ಮಾತಿಗಿಂತ ಮೊದಲು ಲೆಕ್ಕದ ಮಾತು. ನೀವು ಮಾಡುತ್ತಿರುವ ಬಗೆಯ ಲೆಕ್ಕದಲ್ಲಿ ಪರಮಾಣುಗಳು ಹೆಚ್ಚಾದಂತೆ ಕೆಲಸ ಅವುಗಳ ಘನದಷ್ಟು ಬೆಳೆಯುತ್ತದೆ. ಪರಮಾಣು ಎರಡು ಪಟ್ಟಾದರೆ ಕೆಲಸ ಎಂಟು ಪಟ್ಟು. 32ರಿಂದ 72ಕ್ಕೆ ಹೋಗುವುದೆಂದರೆ 2.25 ಪಟ್ಟು, ಅದರ ಘನ ಹತ್ತಿರ ಹತ್ತಿರ 11.4. ದೊಡ್ಡ ಕೋಶಕ್ಕೆ ಕೆ-ಬಿಂದುಗಳು (ಲೆಕ್ಕವನ್ನು ಮಾಡಿ ನೋಡುವ ಮಾದರಿ ಬಿಂದುಗಳು) ಕಡಿಮೆ ಸಾಕಾಗುವುದರಿಂದ ಸ್ವಲ್ಪ ಉಳಿತಾಯ ಸಿಗುತ್ತದೆ, ನಿಜ. ಆದರೂ ಇಂದು ಒಂದು ರಾತ್ರಿ ಹಿಡಿಯುವ ಲೆಕ್ಕ ಅದೇ ಯಂತ್ರದಲ್ಲಿ ವಾರದ ಹತ್ತಿರ ಹೋಗಬಹುದು. ಹೊಸ ಲ್ಯಾಪ್‌ಟಾಪ್ ನಿಮ್ಮ ಹಳೆಯದಕ್ಕಿಂತ ಮೂರು ನಾಲ್ಕು ಪಟ್ಟು ವೇಗವಾಗಿದ್ದರೂ ಲೆಕ್ಕ ಎರಡು ಮೂರು ದಿನ ಹಗಲೂ ರಾತ್ರಿ ಓಡುತ್ತದೆ. ನಿಮಗೆ ಬೇಕಿರುವುದು ದಿನಗಟ್ಟಲೆ ದಣಿಯದೆ ಓಡುವ ಯಂತ್ರ. ಅಂಗಡಿಯಲ್ಲಿ ತೋರಿಸುವುದು ಮೊದಲ ಎರಡು ನಿಮಿಷದ ವೇಗ. ನೀವು ಕೊಳ್ಳಬೇಕಾದದ್ದು ಮೂರನೇ ಗಂಟೆಯ ವೇಗ. ಮುಂದಿನ ನನ್ನ ಮಾತೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇದೆ.

ಎಷ್ಟು ಮೆಮೊರಿ ಬೇಕು ಎಂಬುದನ್ನು ಊಹಿಸಬೇಡಿ, ಇಂದೇ ಅಳೆದುಬಿಡಿ. ನಿಮ್ಮ ಹಳೆಯ ಲ್ಯಾಪ್‌ಟಾಪ್ ಇದಕ್ಕೆ ಸಾಕು. 72 ಪರಮಾಣುಗಳ ಇನ್‌ಪುಟ್ ಫೈಲ್ ಸಿದ್ಧಮಾಡಿ ಓಡಿಸಿ. ಔಟ್‌ಪುಟ್‌ನ ಆರಂಭದಲ್ಲೇ, ಭಾರದ ಕೆಲಸ ಶುರುವಾಗುವ ಮುನ್ನ, ಪ್ರತಿ ಪ್ರಾಸೆಸ್‌ಗೆ (ಲೆಕ್ಕವನ್ನು ಹಂಚಿಕೊಂಡು ಓಡುವ ಒಂದೊಂದು ಪಾಲಿಗೆ) ಇಷ್ಟು, ಒಟ್ಟು ಇಷ್ಟು ಮೆಮೊರಿ ಬೇಕಾಗುತ್ತದೆ ಎಂಬ ಅಂದಾಜಿನ ಸಾಲುಗಳು ಮುದ್ರಣವಾಗುತ್ತವೆ. ಅವು ಕಂಡ ಕೂಡಲೇ ಲೆಕ್ಕವನ್ನು ನಿಲ್ಲಿಸಿಬಿಡಿ. ಅವು ಕನಿಷ್ಠ ಅಂದಾಜು ಎಂಬುದು ನೆನಪಿರಲಿ. ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳುವುದು ನನ್ನ ರೂಢಿ. 36 ಸತು, 36 ಆಮ್ಲಜನಕ; ಸತುವಿನ 3ಡಿ ಕಕ್ಷೆಯ ಎಲೆಕ್ಟ್ರಾನ್‌ಗಳನ್ನೂ ಸೇರಿಸಿ ಒಂದಕ್ಕೆ 12, ಆಮ್ಲಜನಕಕ್ಕೆ 6 ಹಿಡಿದರೆ ಒಟ್ಟು 648 ಎಲೆಕ್ಟ್ರಾನ್. ಬೆರಕೆಯ ಲೋಹ ಕಾಂತೀಯವಾಗಿದ್ದರೆ ಸ್ಪಿನ್‌ನ (ಎಲೆಕ್ಟ್ರಾನ್‌ನ ಒಳ ಕಾಂತಗುಣದ) ಲೆಕ್ಕ ಬೇರೆ ಬರುತ್ತದೆ, ಆಗ ತರಂಗಫಲನಗಳ ಹೊರೆ ಇಮ್ಮಡಿ. ಈ ಗಾತ್ರಕ್ಕೆ 16 ಜಿಬಿ ಇಕ್ಕಟ್ಟು, 32 ಜಿಬಿ ನೆಮ್ಮದಿ. 64ಕ್ಕೆ ಏರಿಸುವ ದಾರಿ ತೆರೆದಿರಬೇಕು. ಈ ಸಂಖ್ಯೆ ಕೈಯಲ್ಲಿಲ್ಲದೆ ಅಂಗಡಿಗೆ ಹೋಗುವುದೆಂದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಮೆಮೊರಿ ಸಾಲದೆ ಹೋದಾಗ ಏನಾಗುತ್ತದೆ ಎಂಬುದನ್ನು ನೀವು 8 ಜಿಬಿಯಲ್ಲಿ ಈಗಾಗಲೇ ಅನುಭವಿಸಿರಬೇಕು. ಉಳಿದ ಭಾಗವನ್ನು ಯಂತ್ರ ಡಿಸ್ಕ್‌ಗೆ ತಳ್ಳುತ್ತದೆ. ಒಳ್ಳೆಯ ಎಸ್‌ಎಸ್‌ಡಿ (ಈಗಿನ ವೇಗದ ಡಿಸ್ಕ್) ಸೆಕೆಂಡಿಗೆ 5ರಿಂದ 7 ಜಿಬಿ ಓದಬಲ್ಲದು. ಮೆಮೊರಿ 50ರಿಂದ 90 ಜಿಬಿ. ಅದಕ್ಕಿಂತ ದೊಡ್ಡ ಹೊಡೆತವೆಂದರೆ ಪ್ರತಿ ಸಲ ಕೇಳಿದಾಗಲೂ ಡಿಸ್ಕ್ ಉತ್ತರ ಕೊಡಲು ಮೆಮೊರಿಗಿಂತ ನೂರಾರು ಪಟ್ಟು ತಡಮಾಡುತ್ತದೆ. ನಿಮ್ಮ ಹಳೆಯ ಔಟ್‌ಪುಟ್ ಫೈಲಿನ ಕೊನೆಯಲ್ಲಿ ಸಿಪಿಯು ಸಮಯ (ಪ್ರೊಸೆಸರ್ ದುಡಿದ ಹೊತ್ತು), ವಾಲ್ ಸಮಯ (ಗಡಿಯಾರದಲ್ಲಿ ಕಳೆದ ಹೊತ್ತು) ಎಂದು ಎರಡು ಅಂಕಿಗಳಿರುತ್ತವೆ. ಗಡಿಯಾರದ ಸಮಯ ಸಿಪಿಯು ಸಮಯಕ್ಕಿಂತ ಬಹಳ ಹೆಚ್ಚಿದ್ದರೆ ನಿಮ್ಮ ಪ್ರೊಸೆಸರ್ ರಾತ್ರಿಯ ಬಹುಪಾಲು ಡಿಸ್ಕ್‌ಗಾಗಿ ಕಾಯುತ್ತಾ ಕುಳಿತಿತ್ತು ಎಂದೇ ಅರ್ಥ. ಹಾಗಿದ್ದರೆ ಹೊಸ ಯಂತ್ರದಲ್ಲಿ ನಿಮಗೆ ಸಿಗುವ ಲಾಭ ನಾನು ಹೇಳಿದ ಮೂರು ನಾಲ್ಕು ಪಟ್ಟಿಗಿಂತ ದೊಡ್ಡದಾಗಿರುತ್ತದೆ.

ಈಗ ಅಂಗಡಿಯವರ ಗ್ರಾಫಿಕ್ಸ್ ಕಾರ್ಡಿನ ಮಾತು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ ಅಷ್ಟೆ. ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಲೆಕ್ಕ ಹಾಕುವಾಗ ದೊಡ್ಡ ದೊಡ್ಡ ಸಂಖ್ಯೆಗಳ ನಡುವಿನ ಅತಿ ಸಣ್ಣ ವ್ಯತ್ಯಾಸವೇ ನಮಗೆ ಬೇಕಾದ ಉತ್ತರ. ಆದ್ದರಿಂದ ಕ್ವಾಂಟಮ್ ಎಸ್ಪ್ರೆಸೊ ಪ್ರತಿ ಸಂಖ್ಯೆಯನ್ನೂ 64 ಬಿಟ್‌ನ ಡಬಲ್ ಪ್ರಿಸಿಷನ್‌ನಲ್ಲಿ, ಅಂದರೆ ಸುಮಾರು 15-16 ಅಂಕಿಗಳ ನಿಖರತೆಯಲ್ಲಿ ಇಟ್ಟುಕೊಳ್ಳುತ್ತದೆ. ಆಟಕ್ಕೆಂದು ಮಾಡಿದ ಕಾರ್ಡಿಗೆ ಆ ನಿಖರತೆ ಬೇಡ; ಅದಕ್ಕೆ 32 ಬಿಟ್ ಸಾಕು. ಎನ್‌ವಿಡಿಯಾದ ಜಿಫೋರ್ಸ್ ಆರ್‌ಟಿಎಕ್ಸ್ 30, 40, 50 ಸರಣಿಗಳಲ್ಲಿ ಡಬಲ್ ಪ್ರಿಸಿಷನ್ ವೇಗ 32 ಬಿಟ್ ವೇಗದ 64ನೇ ಒಂದು ಭಾಗ ಮಾತ್ರ. ಜಾಹೀರಾತಿನಲ್ಲಿ 12 ಟೆರಾಫ್ಲಾಪ್ (ಸೆಕೆಂಡಿಗೆ 12 ಲಕ್ಷ ಕೋಟಿ ಗಣಿತಕ್ರಿಯೆ) ಎಂದಿದ್ದರೆ 64ರಿಂದ ಭಾಗಿಸಿ: 0.19, ಅಂದರೆ 190 ಗಿಗಾಫ್ಲಾಪ್. ಅದೇ ಲ್ಯಾಪ್‌ಟಾಪ್‌ನ ಪ್ರೊಸೆಸರ್‌ನಲ್ಲಿ ಎಂಟು ಕೋರ್‌ಗಳಿದ್ದು, ಪ್ರತಿಯೊಂದೂ 4 ಗಿಗಾಹರ್ಟ್ಸ್‌ನಲ್ಲಿ ಓಡುತ್ತಾ ಒಂದು ಮಿಡಿತಕ್ಕೆ 16 ಡಬಲ್ ಪ್ರಿಸಿಷನ್ ಕ್ರಿಯೆಗಳನ್ನು ಮಾಡಿದರೆ 8 × 4 × 16, ಅಂದರೆ 512 ಗಿಗಾಫ್ಲಾಪ್. ಹಣ ಕೊಟ್ಟು ಹೆಚ್ಚುವರಿಯಾಗಿ ಕೊಳ್ಳುವ ಕಾರ್ಡಿಗಿಂತ ಒಳಗೇ ಇರುವ ಪ್ರೊಸೆಸರ್ ಎರಡೂವರೆ ಪಟ್ಟು ಗಟ್ಟಿ!

ಸೂಪರ್‌ಕಂಪ್ಯೂಟರ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳೇ ತುಂಬಿರುತ್ತವಲ್ಲ ಎಂದು ನೀವು ಕೇಳಬಹುದು. ಅವು ಬೇರೆ ಜಾತಿಯವು. ಎನ್‌ವಿಡಿಯಾ ಎ100 ಎಂಬ ಕಾರ್ಡ್ ಡಬಲ್ ಪ್ರಿಸಿಷನ್‌ನಲ್ಲೇ 9.7 ಟೆರಾಫ್ಲಾಪ್ ಕೊಡುತ್ತದೆ, ಅದರ 32 ಬಿಟ್ ವೇಗದ ಸರಿಯಾಗಿ ಅರ್ಧ. ಅದು ಲ್ಯಾಪ್‌ಟಾಪ್‌ನಲ್ಲಿ ಕೂರುವಂಥದ್ದಲ್ಲ. ಇನ್ನು ನಿಮ್ಮ ವಿಭಾಗದಲ್ಲೇ ಯಾರಾದರೂ ಪ್ರೋಟೀನ್‌ಗಳ ಚಲನೆಯನ್ನು ಗ್ರೊಮ್ಯಾಕ್ಸ್‌ನಲ್ಲಿ ಲೆಕ್ಕ ಹಾಕುತ್ತಿದ್ದರೆ, ಅಥವಾ ನರಜಾಲಗಳಿಗೆ ತರಬೇತಿ ಕೊಡುತ್ತಿದ್ದರೆ, ಅವರಿಗೆ ಅಂಗಡಿಯವರ ಸಲಹೆ ಸರಿಯಾದದ್ದೇ. ಗ್ರೊಮ್ಯಾಕ್ಸ್ ಬಹುಪಾಲು ಕೆಲಸವನ್ನು 32 ಬಿಟ್‌ನಲ್ಲೇ ಮುಗಿಸುತ್ತದೆ, ಆ ಕಾರ್ಡ್ ಅಲ್ಲಿ ನಿಜವಾಗಿಯೂ ದುಡಿಯುತ್ತದೆ. ಒಂದೇ ಪ್ರಯೋಗಾಲಯದ ಇಬ್ಬರಿಗೆ ಒಂದೇ ಲ್ಯಾಪ್‌ಟಾಪ್ ಹೊಂದದಿರುವುದು ಹೀಗೆ.

ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಹಣವನ್ನು ತಿರುಗಿಸಬೇಕಾದ ಮೊದಲ ಜಾಗ ಮೆಮೊರಿಯ ದಾರಿ. ಪ್ರಮಾಣ ಮಾತ್ರವಲ್ಲ, ದಾರಿ. ನಮ್ಮ ಕಡೆಯ ತೊಗರಿ ಬೇಳೆ ಮಿಲ್ ನೋಡಿದ್ದೀರಲ್ಲ. ಒಳಗೆ ಎಷ್ಟು ಯಂತ್ರಗಳಿದ್ದರೂ ಕಾಳು ಬರುವ ಬಾಗಿಲು ಒಂದೇ ಆಗಿದ್ದು ಅದೂ ಕಿರಿದಾಗಿದ್ದರೆ ಅರ್ಧ ಯಂತ್ರಗಳು ಬರಿದೇ ತಿರುಗುತ್ತವೆ. ನಿಮ್ಮ ಲೆಕ್ಕದಲ್ಲಿ ಮತ್ತೆ ಮತ್ತೆ ಬರುವ ಫೂರಿಯೇ ಪರಿವರ್ತನೆ (ತರಂಗಗಳನ್ನು ಬಿಡಿಸಿ ಜೋಡಿಸುವ ಗಣಿತ) ಕಾಳು ಬೇಗ ಬೇಗ ಬೇಡುವ ಕೆಲಸ. ಅಲ್ಲಿ ಪ್ರೊಸೆಸರ್‌ಗಿಂತ ಮೆಮೊರಿಯ ಬಾಗಿಲೇ ವೇಗವನ್ನು ನಿರ್ಧರಿಸುತ್ತದೆ. ಡಿಡಿಆರ್5-5600 ಎಂಬ ಬಗೆಯ ಮೆಮೊರಿಯ ಎರಡು ಪಟ್ಟಿಗಳು (ಸಿಕ್ಕಿಸುವ ಬಿಡಿ ಚಿಪ್ ಹಲಗೆಗಳು) ಎರಡೂ ಸ್ಲಾಟ್‌ಗಳಲ್ಲಿದ್ದರೆ ಸೆಕೆಂಡಿಗೆ 89.6 ಜಿಬಿ ಹರಿಯುತ್ತದೆ. ಒಂದೇ ಪಟ್ಟಿ ಇದ್ದರೆ ಅದರ ಅರ್ಧ, 44.8. ‘16 ಜಿಬಿ’ ಎಂದು ಮಾರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಒಂದೇ ಪಟ್ಟಿ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಜಿಬಿ’ ಎಂಬುದರ ಜೊತೆಗೆ ‘ಎಷ್ಟು ಪಟ್ಟಿ, ಎಷ್ಟು ಸ್ಲಾಟ್’ ಎಂಬುದೂ ಹೌದು. 32 ಜಿಬಿಯ ಒಂದು ಪಟ್ಟಿಗಿಂತ 16 ಜಿಬಿಯ ಎರಡು ಪಟ್ಟಿ ನಿಮಗೆ ಉತ್ತಮ. ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ ತೆಳು ಮಾದರಿಗಳಲ್ಲಿ ದಾರಿ ಇನ್ನೂ ಅಗಲವಿರುವುದುಂಟು, ಆದರೆ ಮುಂದೆ ಒಂದು ಜಿಬಿಯನ್ನೂ ಸೇರಿಸಲಾಗದು. ಕೊಳ್ಳುವ ದಿನವೇ 32 ಜಿಬಿ ಇಲ್ಲದಿದ್ದರೆ ಅಂಥದ್ದನ್ನು ಮುಟ್ಟಬೇಡಿ.

ಕೋರ್‌ಗಳ ಎಣಿಕೆಯಲ್ಲಿ ಒಂದು ಎಚ್ಚರ. ಇಂಟೆಲ್‌ನ ಈಚಿನ ಎಷ್ಟೋ ಪ್ರೊಸೆಸರ್‌ಗಳಲ್ಲಿ ‘14 ಕೋರ್’ ಎಂದರೆ ಆರು ದೊಡ್ಡವು, ಎಂಟು ಚಿಕ್ಕವು. ನೀವು ಲೆಕ್ಕವನ್ನು 14 ಸಮ ಪಾಲು ಮಾಡಿ ಹಂಚಿದರೆ ದೊಡ್ಡ ಕೋರ್‌ಗಳು ತಮ್ಮ ಪಾಲು ಮುಗಿಸಿ ಚಿಕ್ಕವುಗಳಿಗಾಗಿ ಪ್ರತಿ ಹೆಜ್ಜೆಯಲ್ಲೂ ಕಾಯುತ್ತವೆ. ಕೆಲವೊಮ್ಮೆ ದೊಡ್ಡ ಆರರ ಮೇಲೆ ಮಾತ್ರ ಓಡಿಸಿದಾಗಲೇ ಲೆಕ್ಕ ಬೇಗ ಮುಗಿಯುತ್ತದೆ. ಎಲ್ಲ ಕೋರ್‌ಗಳೂ ಒಂದೇ ಬಗೆಯವಾಗಿರುವ ಎಎಮ್‌ಡಿ ರೈಜೆನ್‌ನ ಎಂಟು ಕೋರ್ ಪ್ರೊಸೆಸರ್ ಈ ಕೆಲಸಕ್ಕೆ ಸರಳ. ‘ಥ್ರೆಡ್’ ಎಂದು ಬರೆದಿರುವ ಇಮ್ಮಡಿ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಇದಕ್ಕೆ ಸೇರಿದ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಇದು ಹಣ ಖರ್ಚಿಲ್ಲದ ವೇಗ: ಎಂಟು ಎಂಪಿಐ ಪ್ರಾಸೆಸ್‌ಗಳನ್ನು (ಎಂಪಿಐ ಎಂದರೆ ಲೆಕ್ಕವನ್ನು ಪ್ರಾಸೆಸ್‌ಗಳಿಗೆ ಹಂಚುವ ವ್ಯವಸ್ಥೆ) ಓಡಿಸುವಾಗ, ಪ್ರತಿ ಪ್ರಾಸೆಸ್ ತನ್ನೊಳಗೆ ಕೆಲಸ ಹಂಚುವ ಓಪನ್‌ಎಂಪಿ ಥ್ರೆಡ್ ಸಂಖ್ಯೆಯನ್ನು ಒಂದಕ್ಕೆ ಕಟ್ಟಿಹಾಕಿ. ಹಾಗೆ ಮಾಡದೆ ಬಿಟ್ಟರೆ ಪ್ರತಿ ಪ್ರಾಸೆಸ್ ತಾನೂ ಎಂಟು ಥ್ರೆಡ್ ಹುಟ್ಟಿಸಿ, ಎಂಟು ಕೋರ್‌ಗಳ ಮೇಲೆ 64 ಜನ ಜಗಳಕ್ಕೆ ನಿಲ್ಲಬಹುದು. ಲ್ಯಾಪ್‌ಟಾಪ್ ನಿಧಾನ ಎಂದು ನನ್ನ ಬಳಿ ಬಂದ ವಿದ್ಯಾರ್ಥಿಗಳಲ್ಲಿ ಕೆಲವರ ಕಾಯಿಲೆ ಇದೊಂದೇ ಆಗಿತ್ತು. ನಿಮ್ಮ ಹಳೆಯ ಯಂತ್ರದಲ್ಲೂ ಇವತ್ತು ರಾತ್ರಿ ನೋಡಿ.

ಇನ್ನು ಬಿಸಿಲು. ಲ್ಯಾಪ್‌ಟಾಪ್ ಆಯ್ಕೆಯ ಬಗ್ಗೆ ಬರೆಯುವ ಹೆಚ್ಚಿನವರು ಕುಳಿತಿರುವುದು 25 ಡಿಗ್ರಿಯ ಕೋಣೆಯಲ್ಲಿ. ನಾವು ಇರುವುದು ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ. ಈ ಒಂದು ಸಂಗತಿ ಎಲ್ಲ ವಿಮರ್ಶೆಗಳ ಅಂಕಿಗಳನ್ನೂ ಕೆಡಿಸುತ್ತದೆ. ಪ್ರೊಸೆಸರ್ ಸುಮಾರು 95ರಿಂದ 100 ಡಿಗ್ರಿಯವರೆಗೆ ತಡೆದುಕೊಂಡು, ಅದಕ್ಕಿಂತ ಮೇಲೇರದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದರ ಶಾಖ ಎಷ್ಟು ಹೊರಹೋಗುತ್ತದೆ ಎಂಬುದು ಅದಕ್ಕೂ ಸುತ್ತಲ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. 25 ಡಿಗ್ರಿಯ ಕೋಣೆಯಲ್ಲಿ ಆ ಅಂತರ 95ರಲ್ಲಿ 25 ಕಳೆದು 70. ನಮ್ಮ 43 ಡಿಗ್ರಿಯಲ್ಲಿ ಬರೀ 52. ಅಂದರೆ ಅದೇ ಫ್ಯಾನ್, ಅದೇ ತಾಮ್ರದ ಕೊಳವೆ ನಮ್ಮಲ್ಲಿ ಕಾಲುಭಾಗ ಕಡಿಮೆ ಶಾಖ ಹೊರಹಾಕುತ್ತವೆ. 60 ವಾಟ್ ತಡೆಯುತ್ತಿದ್ದ ಯಂತ್ರ ಇಲ್ಲಿ 45 ವಾಟ್‌ಗೆ ಇಳಿಯುತ್ತದೆ. ದಪ್ಪ ಮೈಯ ಲ್ಯಾಪ್‌ಟಾಪ್ ಈ ನಷ್ಟವನ್ನು ನುಂಗಿಕೊಳ್ಳುತ್ತದೆ. 28 ವಾಟ್‌ಗೇ ಏದುಸಿರು ಬಿಡುವ ತೆಳು ಲ್ಯಾಪ್‌ಟಾಪ್‌ಗೆ ಉಳಿಯುವುದೇನು?

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಬ್ರಹ್ಮಪುರದ ಒಂದು ಬಾಡಿಗೆ ಮನೆಯ ಮೇಲಂತಸ್ತಿನಲ್ಲಿದ್ದೆ. ಹಗಲೆಲ್ಲ ಕಾದ ಮಾಳಿಗೆ ರಾತ್ರಿ ಹನ್ನೆರಡಕ್ಕೂ ಕೋಣೆಯೊಳಗೆ ಬಿಸಿ ಉಗುಳುತ್ತಿತ್ತು. ಏಪ್ರಿಲ್ ಕೊನೆಯ ಒಂದು ಸಂಜೆ ಹೊಸ ತೆಳು ಲ್ಯಾಪ್‌ಟಾಪ್ ಅನ್ನು ಮಂಚದ ಮೇಲಿಟ್ಟು ಲೆಕ್ಕ ಹಚ್ಚಿದೆ. ಪರದೆಯ ಮೇಲೆ ಲೆಕ್ಕದ ಸುತ್ತುಗಳು (ಉತ್ತರ ಸ್ಥಿರವಾಗುವವರೆಗೆ ಮತ್ತೆ ಮತ್ತೆ ನಡೆಯುವ ಹಂತಗಳು) ಸರಸರನೆ ಮುಗಿಯುತ್ತಿದ್ದವು, ಒಂದಕ್ಕೆ ನಲವತ್ತು ಸೆಕೆಂಡ್. ಊಟ ಮುಗಿಸಿ ಬಂದು ನೋಡಿದರೆ ಅದೇ ಸುತ್ತು ಒಂದು ನಿಮಿಷ ದಾಟಿತ್ತು. ಕೀಲಿಮಣೆಯ ಮೇಲಿನ ಪಟ್ಟಿಯನ್ನು ಮುಟ್ಟಿದರೆ ಬೆರಳು ಹಿಂದಕ್ಕೆ ಬಂತು. ಗಾದಿ ಕೆಳಗಿನ ಗಾಳಿಕಂಡಿಗಳನ್ನು ಮುಚ್ಚಿಬಿಟ್ಟಿತ್ತು. ಅದನ್ನು ಎತ್ತಿ ನೆಲದ ಶಹಾಬಾದ್ ಕಲ್ಲಿನ ಮೇಲೆ, ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಓರೆಯಾಗಿ ನಿಲ್ಲಿಸಿದೆ. ಹತ್ತು ನಿಮಿಷದಲ್ಲಿ ಸುತ್ತು ಐವತ್ತು ಸೆಕೆಂಡಿಗೆ ಇಳಿಯಿತು. ನಲವತ್ತು ಮಾತ್ರ ಆ ರಾತ್ರಿ ಮತ್ತೆ ಬರಲಿಲ್ಲ. ಆ ನಲವತ್ತನ್ನು ನೋಡಿಯೇ ನಾನು ಅದನ್ನು ಕೊಂಡಿದ್ದೆ.

ಈಗ ನಿಮಗೆ ವಿಚಿತ್ರವೆನಿಸಬಹುದಾದ ಒಂದು ಮಾತು. ಗ್ರಾಫಿಕ್ಸ್ ಕಾರ್ಡ್ ನಿಮಗೆ ಬೇಡ ಎಂದೆ. ಆದರೂ ಕೊನೆಗೆ ನೀವು ಕೊಳ್ಳುವುದು ಗೇಮಿಂಗ್ ಲ್ಯಾಪ್‌ಟಾಪ್ ಅನ್ನೇ ಇರಬಹುದು, ಅದರ ಮೈಗಾಗಿ. ಭಾರದ ಪ್ರೊಸೆಸರ್, ಎರಡು ದೊಡ್ಡ ಫ್ಯಾನ್, ದಪ್ಪ ತಾಮ್ರದ ಕೊಳವೆಗಳು, ಎರಡು ಮೆಮೊರಿ ಸ್ಲಾಟ್, ಎರಡು ಎಸ್‌ಎಸ್‌ಡಿ ಸ್ಲಾಟ್ ನಿಮ್ಮ ಬೆಲೆಯಲ್ಲಿ ಒಟ್ಟಿಗೆ ಸಿಗುವುದು ಹೆಚ್ಚಾಗಿ ಅಲ್ಲೇ. ಉಪಾಯ ಇಷ್ಟು: ಒಂದೇ ಮೈಯಲ್ಲಿ ಚಿಕ್ಕ ಕಾರ್ಡ್, ದೊಡ್ಡ ಕಾರ್ಡ್ ಎಂದು ಹಲವು ಮಾದರಿಗಳು ಬರುತ್ತವೆ. ಅವುಗಳಲ್ಲಿ ಅತಿ ಚಿಕ್ಕ ಕಾರ್ಡ್ ಇರುವುದನ್ನು ಆರಿಸಿ. ಕಂಪನಿ ಶಾಖದ ವ್ಯವಸ್ಥೆಯನ್ನು ಅಲ್ಲೂ ಮೊಟಕು ಮಾಡಿಲ್ಲ, ದೊಡ್ಡ ಮಾದರಿಯದ್ದೇ ಇದೆ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಇಂಥವುಗಳಲ್ಲಿ ಪ್ರೊಸೆಸರ್‌ಗೂ ಕಾರ್ಡಿಗೂ ಕೊಳವೆಗಳು ಹಂಚಿಕೆಯಾಗಿರುತ್ತವೆ. ಕಾರ್ಡ್ ಸುಮ್ಮನಿದ್ದರೆ ಇಡೀ ತಂಪು ಪ್ರೊಸೆಸರ್‌ಗೇ ಸಿಗುತ್ತದೆ. ಉಳಿದ ಹಣದಲ್ಲಿ ಮೆಮೊರಿಯನ್ನು ಎರಡು ಪಟ್ಟಿಗಳ 32 ಜಿಬಿಗೆ ಏರಿಸಿ. ಎಸ್‌ಎಸ್‌ಡಿ 1 ಟಿಬಿ ಇರಲಿ, ಒಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಅಗ್ಗದ ಕ್ಯೂಎಲ್‌ಸಿ ಬಗೆ ಬೇಡ, ಮೂರು ಬಿಟ್ ಇಡುವ ಟಿಎಲ್‌ಸಿ ಕೇಳಿ. ದೊಡ್ಡ ತಾತ್ಕಾಲಿಕ ಫೈಲುಗಳನ್ನು ಸತತವಾಗಿ ಬರೆಯುವಾಗ ಅಗ್ಗದ್ದು ಸ್ವಲ್ಪ ಹೊತ್ತಿನಲ್ಲೇ ಉಸಿರುಗಟ್ಟುತ್ತದೆ. ಪರದೆ, ಬಣ್ಣದ ದೀಪ, ಕ್ಯಾಮೆರಾಗಳ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ. ಕಣ್ಣಿಗೆ ಹಿತವಾದರೆ ಸಾಕು.

ನಿಮ್ಮ ಗೆಳತಿಯ ಮ್ಯಾಕ್ ಸಲಹೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಮ್ಯಾಕ್‌ಬುಕ್ ಪ್ರೊದಲ್ಲಿ ಬರುವ ಆ್ಯಪಲ್‌ನ ಎಂ4 ಪ್ರೊ ಚಿಪ್‌ನ ಮೆಮೊರಿ ದಾರಿ ಸೆಕೆಂಡಿಗೆ 273 ಜಿಬಿ, ಮೇಲೆ ಹೇಳಿದ ಎರಡು ಪಟ್ಟಿಗಳ ಮೂರು ಪಟ್ಟು. ಕಡಿಮೆ ವಿದ್ಯುತ್ತಿನಲ್ಲಿ ಓಡುವುದರಿಂದ ನಮ್ಮ ಬಿಸಿಲಿನಲ್ಲೂ ಅದು ಕಡಿಮೆ ಬಳಲುತ್ತದೆ. ಕ್ವಾಂಟಮ್ ಎಸ್ಪ್ರೆಸೊ ಅದರ ಮೇಲೆ ಚೆನ್ನಾಗಿಯೇ ಓಡುತ್ತದೆ, ಪ್ರೊಸೆಸರ್‌ನಲ್ಲಿ ಮಾತ್ರ. ಆ್ಯಪಲ್‌ನ ಗ್ರಾಫಿಕ್ಸ್ ಭಾಗಕ್ಕೆ ಡಬಲ್ ಪ್ರಿಸಿಷನ್ ಇಲ್ಲವೇ ಇಲ್ಲ. ಆದರೆ ಪ್ರೊ ಚಿಪ್‌ನ ಬೆಲೆ ನಿಮ್ಮ 1.2 ಲಕ್ಷವನ್ನು ಬಹಳ ದೂರ ದಾಟುತ್ತದೆ. ನಿಮ್ಮ ಹಣಕ್ಕೆ ಬರುವುದು ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್. ಫ್ಯಾನ್ ಇಲ್ಲದ ಯಂತ್ರವನ್ನು ಕಲಬುರಗಿಯ ಮೇ ತಿಂಗಳಲ್ಲಿ ಮೂರು ದಿನ ಸತತವಾಗಿ ಓಡಿಸಿ ಎಂದು ನಾನು ಯಾರಿಗೂ ಹೇಳಲಾರೆ.

ಸುರಪುರದ ಕರೆಂಟ್ ವಿಷಯದಲ್ಲಿ ಲ್ಯಾಪ್‌ಟಾಪ್ ನಿಮ್ಮ ಪಾಲಿನ ದೊಡ್ಡ ವರ. ಡೆಸ್ಕ್‌ಟಾಪ್ ಆದರೆ ಕರೆಂಟ್ ಹೋದ ಕ್ಷಣವೇ ಎರಡು ದಿನದ ಲೆಕ್ಕ ಮಣ್ಣುಪಾಲು. ಲ್ಯಾಪ್‌ಟಾಪ್ ವೇಗ ಇಳಿಸಿಕೊಂಡರೂ ಲೆಕ್ಕವನ್ನು ಕೈಬಿಡುವುದಿಲ್ಲ. ಆದರೆ ಎಷ್ಟು ಹೊತ್ತು? ಬ್ಯಾಟರಿ 70 ವಾಟ್-ಅವರ್ ಇದ್ದು ಯಂತ್ರ 70 ವಾಟ್ ನುಂಗುತ್ತಿದ್ದರೆ ಒಂದೇ ಗಂಟೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ) ಬಗೆಯದೇ ನೋಡಿ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಅವರ್ ಇರುತ್ತದೆ; ನಷ್ಟ ಕಳೆದು, ಫ್ಯಾನು ದೀಪಗಳ ಜೊತೆಗೂ ನಿಮ್ಮ ಲ್ಯಾಪ್‌ಟಾಪ್ ಕೆಲವು ಗಂಟೆ ಆರಾಮವಾಗಿ ಓಡುತ್ತದೆ. ಇದಕ್ಕಿಂತ ಮುಖ್ಯವಾದ ರಕ್ಷಣೆ ತಂತ್ರಾಂಶದೊಳಗೇ ಇದೆ. ಇನ್‌ಪುಟ್‌ನಲ್ಲಿ ‘ಮ್ಯಾಕ್ಸ್ ಸೆಕೆಂಡ್ಸ್’ ಎಂಬ ಮಿತಿ ಕೊಟ್ಟರೆ ಅಷ್ಟು ಸಮಯದ ನಂತರ ಲೆಕ್ಕ ತಾನಾಗಿ ಎಲ್ಲವನ್ನೂ ಬರೆದಿಟ್ಟು ನಿಲ್ಲುತ್ತದೆ, ಅಲ್ಲಿಂದಲೇ ಮುಂದುವರಿಸಬಹುದು. ಹೀಗೆ ಶುಚಿಯಾಗಿ ನಿಂತ ಲೆಕ್ಕಕ್ಕೆ ಮಾತ್ರ ಮುಂದುವರಿಕೆಯ ಭರವಸೆ ಇದೆ, ನಡುವೆ ಸತ್ತದ್ದಕ್ಕೆ ಇಲ್ಲ. ಮೂರು ದಿನದ ಒಂದೇ ಓಟದ ಬದಲು ಆರಾರು ಗಂಟೆಯ ತುಂಡುಗಳಾಗಿ ಓಡಿಸುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದಿಟ್ಟುಕೊಳ್ಳಿ. ಸದಾ ಚಾರ್ಜರ್‌ಗೆ ಸಿಕ್ಕಿಸಿಯೇ ಇಡುವಾಗ ಬ್ಯಾಟರಿ ಮಿತಿಯನ್ನು 80 ಪ್ರತಿಶತಕ್ಕೆ ನಿಲ್ಲಿಸುವ ಆಯ್ಕೆ ಹಾಕಿ. ಶಾಖ ಮತ್ತು ತುಂಬಿದ ಚಾರ್ಜ್ ಒಟ್ಟಾದರೆ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಕೆಲಸ ಮಾಡಬಹುದು: ಪ್ರೊಸೆಸರ್‌ನ ವಿದ್ಯುತ್ ಮಿತಿಯನ್ನು ನೀವೇ ಇಳಿಸುವುದು. ವೇಗ ಹೆಚ್ಚಿದಂತೆ ವೋಲ್ಟೇಜ್ ಕೂಡ ಏರಬೇಕಾಗುವುದರಿಂದ ಕೊನೆಯ ಸ್ವಲ್ಪ ವೇಗಕ್ಕೆ ಯಂತ್ರ ಬಹಳ ವಿದ್ಯುತ್ ಸುಡುತ್ತದೆ. 65 ವಾಟ್‌ನಿಂದ 45ಕ್ಕೆ ಇಳಿಸಿದರೆ ವೇಗ ಅದೇ ಪ್ರಮಾಣದಲ್ಲಿ ಬೀಳುವುದಿಲ್ಲ, ಶಾಖ ಮಾತ್ರ ನೇರವಾಗಿ ಬೀಳುತ್ತದೆ. ಏರ್ ಕೂಲರ್ ನಮ್ಮ ಒಣ ಬೇಸಿಗೆಯಲ್ಲಿ ಕೋಣೆಯನ್ನು ಚೆನ್ನಾಗಿ ತಣಿಸುತ್ತದೆ, ಆದರೆ ಅದರ ಗಾಳಿ ನೇರವಾಗಿ ಲ್ಯಾಪ್‌ಟಾಪ್‌ಗೆ ಬಡಿಯದಿರಲಿ. ಪ್ಯಾಡಿನಿಂದ ಹನಿ ಹಾರುತ್ತದೆ. ನಮ್ಮ ಕಪ್ಪು ಮಣ್ಣಿನ ಧೂಳು ಫ್ಯಾನಿನ ಹಿಂದಿನ ಸಣ್ಣ ರೆಕ್ಕೆಗಳಲ್ಲಿ ಹಾಸಿನಂತೆ ಕೂರುತ್ತದೆ. ವರ್ಷಕ್ಕೆರಡು ಸಲ, ಒಂದು ಸಲ ಯುಗಾದಿಯ ಹೊತ್ತಿಗೆ ತಪ್ಪದೆ, ಅದನ್ನು ತೆಗೆಸಿ.

ದುರಸ್ತಿಯ ವಿಷಯ ಚಿಕ್ಕದು, ಆದರೆ ಮರೆತರೆ ನೋವು ದೊಡ್ಡದು. ಕೊಳ್ಳುವ ಮುನ್ನ ಆ ಮಾದರಿಗೆ ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ನಿಮ್ಮ ಪಿನ್‌ಕೋಡ್‌ಗೆ ಇದೆಯೇ ಎಂದು ಕಂಪನಿಯ ಸಹಾಯವಾಣಿಯಲ್ಲೇ ಕೇಳಿ, ಅಂಗಡಿಯವರ ಬಾಯಿಮಾತಿಗೆ ಬಿಡಬೇಡಿ. ಇಲ್ಲದಿದ್ದರೆ ಒಂದು ಫ್ಯಾನಿಗಾಗಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಅಲೆಯಬೇಕಾಗುತ್ತದೆ. ಮೆಮೊರಿ ಸೇರಿಸಲು ಕೆಳಗಿನ ಮುಚ್ಚಳ ತೆಗೆದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನೂ ಅದೇ ಕರೆಯಲ್ಲಿ ಕೇಳಿ. ವಿಂಡೋಸ್ ಒಳಗಿನ ಲಿನಕ್ಸ್‌ನಲ್ಲಿ ಓಡಿಸುವ ಯೋಚನೆ ಇದ್ದರೆ, ಅದನ್ನು ಓಡಿಸುವ ಡಬ್ಲ್ಯುಎಸ್‌ಎಲ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ಯಂತ್ರದ ಅರ್ಧ ಮೆಮೊರಿಯನ್ನಷ್ಟೇ ತಾನು ತೆಗೆದುಕೊಳ್ಳುತ್ತದೆ ಎಂಬುದು ನೆನಪಿರಲಿ. 32 ಕೊಂಡು 16ರಲ್ಲಿ ಒದ್ದಾಡುವುದಕ್ಕಿಂತ ಉಬುಂಟು ಎಂಬ ಲಿನಕ್ಸ್ ಅನ್ನು ಡಿಸ್ಕಿನ ಬೇರೆ ವಿಭಾಗದಲ್ಲಿ ನೇರವಾಗಿ ಹಾಕುವುದು ಲೇಸು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ನಿಮ್ಮಿಂದ ಮುಚ್ಚಿಡಲಾರೆ. 72 ಪರಮಾಣು ಈ ಲ್ಯಾಪ್‌ಟಾಪ್‌ಗೆ ನಿಲುಕುತ್ತದೆ. ನಾಳೆ ಮಾರ್ಗದರ್ಶಕರು 128 ಎಂದರೆ? ಅದು 72ರ ಮೇಲೆ ಮತ್ತೆ ಐದೂವರೆ ಪಟ್ಟು ಕೆಲಸ. ಹಣವನ್ನು ಇಮ್ಮಡಿಸಿದರೂ ಯಾವ ಲ್ಯಾಪ್‌ಟಾಪೂ ಐದೂವರೆ ಪಟ್ಟು ವೇಗ ಕೊಡದು. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ 2015ರಲ್ಲಿ ಶುರುವಾದದ್ದೇ ದೇಶದ ಸಂಶೋಧಕರ ಇಂಥ ಹೊರೆಗಾಗಿ. ಅದರಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನಿಂತ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್ (ಒಂದು ಪೆಟಾ ಎಂದರೆ ಸಾವಿರ ಟೆರಾ), ನಾವು ಮೇಲೆ ಎಣಿಸಿದ 512 ಗಿಗಾಫ್ಲಾಪ್‌ನ ಆರು ಸಾವಿರ ಪಟ್ಟಿಗೂ ಹೆಚ್ಚು. ಕಲಬುರಗಿಯಲ್ಲಿ ಕುಳಿತವರಿಗೆ ಅಂಥವೆಲ್ಲ ದೂರದ ಬೆಟ್ಟ ಎಂದು ನಮ್ಮ ಹುಡುಗರು ಹುಡುಗಿಯರು ತಾವೇ ತೀರ್ಮಾನಿಸಿಕೊಂಡು ಕೇಳುವುದೇ ಇಲ್ಲ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ. ಮಿಷನ್‌ನ ಯಂತ್ರಗಳಲ್ಲಿ ಸಮಯಕ್ಕಾಗಿ ಅರ್ಜಿ ಹಾಕುವ ಬಗ್ಗೆ ಮಾರ್ಗದರ್ಶಕರ ಬಳಿ ಈ ವಾರವೇ ಮಾತನಾಡಿ. 32 ಪರಮಾಣುಗಳ ನಿಮ್ಮ ಫಲಿತಾಂಶವನ್ನೂ, ಎಷ್ಟು ಕೋರ್‌ಗೆ ಎಷ್ಟು ಸಮಯ ಹಿಡಿಯಿತು ಎಂಬ ಒಂದು ಪಟ್ಟಿಯನ್ನೂ ಜೊತೆಗಿಟ್ಟರೆ ಅರ್ಜಿಗೆ ತೂಕ ಬರುತ್ತದೆ. ಆ ಪಟ್ಟಿ ತಯಾರಿಸಲು, ಇನ್‌ಪುಟ್ ತಿದ್ದಲು, ಚಿಕ್ಕ ಪರೀಕ್ಷೆಗಳಿಗೆ, ಬಂದ ಫಲಿತಾಂಶವನ್ನು ಚಿತ್ರಿಸಲು ಹೊಸ ಲ್ಯಾಪ್‌ಟಾಪ್ ಹೇಗೂ ಬೇಕು.

ಅಂಗಡಿಗೆ ಹೋಗುವ ದಿನ ಉಬುಂಟು ಮತ್ತು ಕ್ವಾಂಟಮ್ ಎಸ್ಪ್ರೆಸೊ ಹಾಕಿದ ಒಂದು ಪೆನ್‌ಡ್ರೈವ್ ಒಯ್ಯಿರಿ, ಅದರಲ್ಲಿ ನಿಮ್ಮದೇ 32 ಪರಮಾಣುಗಳ ಇನ್‌ಪುಟ್ ಇರಲಿ. ಮಾರ್ಚ್ ಕಳೆದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಚಾರ್ಜರ್ ಸಿಕ್ಕಿಸಿ, ಎಸಿಯಿಂದ ದೂರದ ಮೇಜಿನ ಮೇಲಿಟ್ಟು ಅರ್ಧ ಗಂಟೆಯಾದರೂ ಓಡಿಸಲು ಕೇಳಿ. ಕೊಳ್ಳುವ ಗಿರಾಕಿ ಎಂದು ಗೊತ್ತಾದರೆ ಒಪ್ಪುವ ಅಂಗಡಿಯವರು ನಮ್ಮ ಊರಲ್ಲಿದ್ದಾರೆ. ಒಪ್ಪದಿದ್ದರೆ ಮರಳಿಸಲು ಎಷ್ಟು ದಿನ ಅವಕಾಶವಿದೆ ಎಂದು ಬಿಲ್ಲಿನ ಮೇಲೆ ಬರೆಸಿಕೊಂಡು ಮನೆಯಲ್ಲೇ ಈ ಪರೀಕ್ಷೆ ಮಾಡಿ, ಆಗ ಪೂರ್ತಿ ಮೂರು ಗಂಟೆ ಓಡಿಸಬಹುದು. ಎರಡನೇ ಸುತ್ತಿಗೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಕೊನೆಯ ಸುತ್ತಿನದನ್ನು ಅದರ ಪಕ್ಕದಲ್ಲೇ ಬರೆಯಿರಿ. ಸುತ್ತುಗಳ ನಡುವೆ ಸ್ವಲ್ಪ ಏರುಪೇರು ಸಹಜ. ಆದರೆ ಕೊನೆಯ ಸುತ್ತಿನ ಸಮಯ ಎರಡನೇ ಸುತ್ತಿನದಕ್ಕಿಂತ ಐದನೇ ಒಂದು ಭಾಗಕ್ಕೂ ಹೆಚ್ಚು ಉಬ್ಬಿದ್ದರೆ ಆ ಮಾದರಿಯನ್ನು ಅಲ್ಲೇ ಬಿಟ್ಟು ಮುಂದಿನದನ್ನು ತೋರಿಸಲು ಹೇಳಿ.